ಬಾಯಿಗೆ ಬಾರದ ತುತ್ತು

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಕೊಯ್ಲಿಗೆ ಬಂದ ಭತ್ತ ಅಕಾಲ ಮಳೆಗೆ ಸಿಕ್ಕಿ ನೆಲಕ್ಕೊರಗಿದಾಗ, ನಿಶ್ಚಯವಾದ ಸಂಬಂಧ ಮುರಿದು ಬಿದ್ದಾಗ, ಕೈಗೆಟುಕಿದ ನೌಕರಿ ತಪ್ಪಿ ಹೋದಾಗ ನಾವು ಈ ಮಾತು ಹೇಳಿ ನಿಟ್ಟುಸಿರು ಬಿಡುತ್ತೇವೆ. ಆದರೆ ಈ ಗಾದೆ ಅಕ್ಷರಶಃ ನಿಜವಾಗಿರುವ ಮನೆಗಳೂ ನಮ್ಮ ನಡುವೆ ಇವೆ. ಅಲ್ಲಿ ಅನ್ನವಿದೆ, ಹಾಲಿದೆ, ಉಣಿಸುವ ತಾಯಿಯ ಕೈಯೂ ಇದೆ. ಆದರೆ ಮಗುವಿಗೆ ನುಂಗಲು ಬರುವುದಿಲ್ಲ. ಅದರ ಆಹಾರ ಮೂಗಿನಿಂದ ಇಳಿಸಿದ ಟ್ಯೂಬಿನ ಮೂಲಕವೋ, ಹೊಟ್ಟೆಯ ಮೇಲೆ ಮಾಡಿದ ಸಣ್ಣ ರಂಧ್ರದ ಮೂಲಕವೋ ನೇರವಾಗಿ ಜಠರವನ್ನು ಸೇರುತ್ತದೆ.

ಇಂತಹ ಮಗುವಿರುವ ಮನೆಯವರು ಆ ಬಾಳಿಗೆ ಹೇಗೆ ಹೊಂದಿಕೊಳ್ಳಬೇಕು? ಬಂಧುಗಳೂ ನೆರೆಹೊರೆಯವರೂ ಅವರೊಡನೆ ಹೇಗೆ ನಡೆದುಕೊಳ್ಳಬೇಕು? ಈ ಪ್ರಶ್ನೆಗಳನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ನನ್ನ ತಂಗಿಯನ್ನು ಶಿಕಾರಿಪುರ ತಾಲೂಕಿನ ಈಸೂರಿಗೆ ಕೊಟ್ಟಿದ್ದೇವೆ. 1942ರ ಚಲೇಜಾವ್ ಚಳವಳಿಯಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು, ಮರುವರ್ಷ ತನ್ನ ಐವರನ್ನು ಗಲ್ಲುಗಂಬದಲ್ಲಿ ಕಳೆದುಕೊಂಡ ಅದೇ ಈಸೂರು. ಆ ಊರಿನ ಧೈರ್ಯದ ಕಥೆಯನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಾ ಬಂದವನು. ಅದೇ ಊರಿನ ಒಂದು ಮನೆಯಲ್ಲಿ ನಡುರಾತ್ರಿ ಎದ್ದು ಸಿರಿಂಜು ತೊಳೆಯುವ ಒಬ್ಬ ಹೆಣ್ಣುಮಗಳ ಧೈರ್ಯವನ್ನು ಅರಿಯಲು ಮಾತ್ರ ನನಗೆ ಬಹಳ ಕಾಲ ಹಿಡಿಯಿತು.

ತಂಗಿಯ ಎರಡನೆಯ ಮಗು ಹುಟ್ಟಿದೊಡನೆ ಅಳಲಿಲ್ಲ. ಮಿದುಳಿಗೆ ಪ್ರಾಣವಾಯು ಸಾಲದೆ ಹೋಯಿತು. ಮಗುವಿಗೆ ಕತ್ತು ನಿಲ್ಲಲಿಲ್ಲ, ಕೈಕಾಲುಗಳು ಸೆಟೆದುಕೊಂಡವು. ಇದನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಹಾಲು ಕುಡಿಯುವಾಗ ಕೆಮ್ಮು, ಗೊರಗೊರ ಸದ್ದು, ಮತ್ತೆ ಮತ್ತೆ ಎದೆಯ ಕಫ. ಎರಡು ವರ್ಷ ತುಂಬಿದಾಗ ಮಗುವಿನ ತೂಕ ಒಂದು ವರ್ಷದ ಮಗುವಿನಷ್ಟೂ ಇರಲಿಲ್ಲ. ಒಂದು ಹೊತ್ತಿನ ಗಂಜಿ ಕುಡಿಸಲು ತಂಗಿಗೆ ಎರಡು ಗಂಟೆ ಬೇಕಾಗುತ್ತಿತ್ತು. ಕೊನೆಗೆ ವೈದ್ಯರು ಟ್ಯೂಬು ಹಾಕಲೇಬೇಕೆಂದರು. ಆ ದಿನ ಇಡೀ ಮನೆ ಸಾವಾದಂತೆ ಅತ್ತಿತು.

ಟ್ಯೂಬು ಎಂದರೇನು?

ನಾವು ನುಂಗಿದ ಆಹಾರ ಅನ್ನನಾಳದ ದಾರಿ ಹಿಡಿಯುತ್ತದೆ. ಆಗ ಶ್ವಾಸನಾಳದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ಷಣಾರ್ಧದಲ್ಲಿ ನಡೆಯುವ ಈ ಕೆಲಸಕ್ಕೆ ಹಲವಾರು ಸ್ನಾಯುಗಳೂ ನರಗಳೂ ಒಟ್ಟಾಗಿ ದುಡಿಯಬೇಕು. ದಿನಕ್ಕೆ ನೂರಾರು ಬಾರಿ ನುಂಗುವ ನಾವು ಈ ಅನುಗ್ರಹಕ್ಕಾಗಿ ಎಂದಾದರೂ ಅಲ್ಲಾಹನನ್ನು ಸ್ತುತಿಸಿದ್ದೇವೆಯೇ? ಮಿದುಳಿಗೆ ಪೆಟ್ಟಾದ ಮಗುವಿನಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ನ್ಯುಮೋನಿಯಾ ಬರುತ್ತದೆ. ಮಗು ಹಸಿವಿನಿಂದಲೂ ಸೊರಗುತ್ತದೆ, ಉಣಿಸುವುದರಿಂದಲೂ ಸೊರಗುತ್ತದೆ.

ಮೂಗಿನಿಂದ ಜಠರಕ್ಕೆ ಇಳಿಸುವ ಟ್ಯೂಬನ್ನು ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಅದು ಬ್ರಿಟನ್ನಿನ ವೈದ್ಯ ಜಾನ್ ರೈಲ್ ಅವರಿಂದ ಬಂದ ಹೆಸರು. ಕೆಲವು ವಾರಗಳ ಮಟ್ಟಿಗೆ ಇದು ಸಾಕು. ಅದಕ್ಕಿಂತ ಹೆಚ್ಚು ಕಾಲ ಬೇಕಾದಾಗ ಹೊಟ್ಟೆಯ ಮೇಲಿನಿಂದ ಜಠರಕ್ಕೆ ಟ್ಯೂಬು ಕೂಡಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಎಂಡೋಸ್ಕೋಪಿಯ ನೆರವಿನಿಂದ ಇದನ್ನು ಹಾಕುವ ವಿಧಾನವನ್ನು ಅಮೆರಿಕದ ಕ್ಲೀವ್‌ಲೆಂಡ್ ನಗರದ ವೈದ್ಯರಾದ ಗಾಡರರ್ ಮತ್ತು ಪೊನ್ಸ್ಕಿ 1979ರಲ್ಲಿ ಕಂಡುಕೊಂಡು 1980ರಲ್ಲಿ ಪ್ರಕಟಿಸಿದರು. ಅದು ಮೊದಲು ರೂಪುಗೊಂಡದ್ದೇ ನುಂಗಲಾರದ ಮಕ್ಕಳಿಗಾಗಿ.

ಇದು ಹೊಸಗಾಲದ ವಿಚಿತ್ರವೆಂದು ಭಾವಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 12ನೆಯ ಶತಮಾನದಲ್ಲಿ ಮುಸ್ಲಿಮ್ ಸ್ಪೇನಿನಲ್ಲಿ ಬಾಳಿದ್ದ ಹೆಸರಾಂತ ವೈದ್ಯ ಇಬ್ನು ಝುಹ್ರ್, ನುಂಗಲಾರದ ರೋಗಿಯ ಗಂಟಲಿಗೆ ಬೆಳ್ಳಿಯ ನಳಿಕೆ ಇಳಿಸಿ ದ್ರವಾಹಾರ ಕೊಡುವ ಉಪಾಯವನ್ನು ವಿವರಿಸಿದ್ದರು. ಹಸಿದ ಜೀವಕ್ಕೆ ಬಾಯಿಯ ದಾರಿ ಮುಚ್ಚಿದರೆ ಇನ್ನೊಂದು ದಾರಿ ಹುಡುಕುವುದು ದೇವವಿಧಿಯ ವಿರುದ್ಧ ಬಂಡೇಳುವುದಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಪಾಲಿಸುವುದೇ ಆಗಿದೆ.

ಇದು ಶಿಕ್ಷೆಯೇ?

ಮಗುವಿನ ಮೂಗಿಗೆ ಟ್ಯೂಬು ಬಂದೊಡನೆ ಜನರ ನಾಲಿಗೆಗಳು ಸಡಿಲವಾದವು. ಗರ್ಭಿಣಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ? ಯಾರ ಕಣ್ಣು ತಗುಲಿತು? ತಾಯಿಯ ಯಾವ ಪಾಪದ ಫಲ? ಹೀಗೆ ಕೇಳಿದವರಲ್ಲಿ ಐದು ಹೊತ್ತು ನಮಾಝ್ ಮಾಡುವವರೂ ಇದ್ದರು.

ಇಂತಹವರು ಪ್ರವಾದಿ ಮೂಸಾ(ಅ)ರ ಶೈಶವವನ್ನು ನೆನಪಿಸಿಕೊಳ್ಳಲಿ. ಕುರ್‌ಆನ್ ತಿಳಿಸುವಂತೆ, ಫಿರ್‌ಔನನ ಅರಮನೆಯಲ್ಲಿ ಆ ಶಿಶುವಿಗೆ ಹಾಲೂಡಿಸಲು ಬಂದ ಯಾವ ದಾದಿಯ ಎದೆಹಾಲನ್ನೂ ಅದು ಸ್ವೀಕರಿಸಲಿಲ್ಲ. ಸುತ್ತಲೂ ಹಾಲಿತ್ತು, ಮಗು ಕುಡಿಯಲಿಲ್ಲ. ಅದು ಮಗುವಿನ ತಪ್ಪಾಗಿತ್ತೇ? ಮಗುವನ್ನು ನದಿಗೆ ತೇಲಿಬಿಟ್ಟು, ಮನಸ್ಸೆಲ್ಲ ಬರಿದಾಗಿ ಕುಳಿತಿದ್ದ ಆ ತಾಯಿಯ ಪಾಪವಾಗಿತ್ತೇ? ಅಲ್ಲ. ಆ ಮಗುವಿಗೆ ಆಹಾರ ಯಾವ ದಾರಿಯಿಂದ ಬರಬೇಕೆಂಬುದನ್ನು ಅಲ್ಲಾಹನು ಬೇರೆಯೇ ರೀತಿಯಲ್ಲಿ ನಿರ್ಧರಿಸಿದ್ದನು. ಕೊನೆಗೆ ಮಗು ತಾಯಿಯ ಮಡಿಲನ್ನೇ ಸೇರಿತು. ಅನ್ನದಾತನು ಅವನೇ. ದಾರಿಗಳು ಹಲವು. ಟ್ಯೂಬು ಆ ದಾರಿಗಳಲ್ಲೊಂದು.

ಇನ್ನು ಸಹನೆಯ ವಿಷಯ. ನಾನೂ ಮದ್ರಸದಲ್ಲಿ ಓದಿದವನೆಂಬ ಹಮ್ಮಿನಿಂದ ಆಸ್ಪತ್ರೆಯ ವರಾಂಡದಲ್ಲಿ ತಂಗಿಗೆ ಸಹನೆಯ ಕುರಿತು ದೀರ್ಘ ಉಪದೇಶ ಮಾಡಿದೆ. ಅವಳು ತಲೆ ಎತ್ತಿ, "ಭಾಯಿ, ಸಬ್ರ್ ಮಾಡು ಅಂತ ಎಲ್ಲರೂ ಹೇಳ್ತಾರೆ. ಒಂದು ಹೊತ್ತು ಈ ಮಗೂನ ಹಿಡ್ಕೊಳ್ತೀನಿ, ನೀನು ಮಲಗು ಅಂತ ಯಾರೂ ಹೇಳಲ್ಲ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಪ್ರವಾದಿ ಯಅ್‌ಕೂಬ್(ಅ)ರು ಮಗನ ಅಗಲಿಕೆಯಿಂದ ಅತ್ತು ಅತ್ತು ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ಮರೆಮಾಚುವುದಿಲ್ಲ. ಅವರೇ ಸುಂದರವಾದ ಸಹನೆಗೆ ಮಾದರಿ. ಆದುದರಿಂದ ಅಳುವ ತಾಯಿಯನ್ನು ಈಮಾನಿನ ಕೊರತೆಯುಳ್ಳವಳೆಂದು ಯಾರೂ ತೀರ್ಮಾನಿಸದಿರಲಿ. ಸಹನೆಯೆಂದರೆ ಕಣ್ಣೀರಿಲ್ಲದಿರುವುದಲ್ಲ. ಕಣ್ಣೀರಿನ ನಡುವೆಯೂ ಮಾಡಬೇಕಾದುದನ್ನು ಮಾಡುವುದು. ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ, ಬಾಳೇ ಬೇಡವೆನ್ನಿಸುವ ಸ್ಥಿತಿಗೆ ತಾಯಿ ಬಂದರೆ ಅದೂ ಒಂದು ಕಾಯಿಲೆ. ಅದಕ್ಕೂ ವೈದ್ಯರಿದ್ದಾರೆ. ಅವರ ಬಳಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ.

ಪ್ರೀತಿಯ ಚಮಚ

ಈಗ ಹೇಳಲಿರುವ ಸಂಗತಿಯನ್ನು ಬರೆಯಲು ನನಗೆ ಸಂಕೋಚವಿದೆ. ಆದರೂ ಬರೆಯಬೇಕು.

ಟ್ಯೂಬು ಹಾಕಿ ಒಂದು ತಿಂಗಳಾಗಿತ್ತು. ಮಗುವಿನ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ನಾನು ಹಜ್ಜಿನಿಂದ ಬಂದ ಒಬ್ಬರ ಮನೆಯಿಂದ ಝಮ್‌ಝಮ್ ನೀರು ಕೇಳಿ ತಂದಿದ್ದೆ. ಮಗುವಿನ ದಾದಿ, ಅಂದರೆ ತಂಗಿಯ ಅತ್ತೆ, "ಬೇಟಾ, ಒಂದು ತಿಂಗಳಿಂದ ಈ ಮಗುವಿನ ನಾಲಿಗೆಗೆ ಏನೂ ತಾಗಿಲ್ಲ. ಇದಾದರೂ ಕುಡಿಯಲಿ" ಎಂದರು. ತಂಗಿ ಬಟ್ಟೆ ಒಗೆಯಲು ಹೋಗಿದ್ದಳು. ಬಾಯಿಗೆ ಏನನ್ನೂ ಕೊಡಬಾರದೆಂದು ವೈದ್ಯರು ಹೇಳಿದ್ದು ನನಗೆ ಗೊತ್ತಿತ್ತು. ಆದರೂ ಪವಿತ್ರ ನೀರಿನಿಂದ ಕೇಡಾಗುವುದುಂಟೇ ಎಂದುಕೊಂಡು ಚಮಚ ತುಂಬಿ ಕೊಟ್ಟವನು ನಾನೇ. ದಾದಿ ಮೂರು ಚಮಚ ಕುಡಿಸಿದರು. ಮಗು ಕೆಮ್ಮಲೂ ಇಲ್ಲ. ನಮಗೆ ಸಮಾಧಾನವಾಯಿತು. ಮರುದಿನವೂ ಅದರ ಮರುದಿನವೂ ದಾದಿ ಹಾಗೆಯೇ ಮಾಡಿದರಂತೆ. ಒಮ್ಮೆ ಖರ್ಜೂರವನ್ನೂ ಕಿವುಚಿ ಕೊಟ್ಟರಂತೆ. ನಾಲ್ಕನೆಯ ರಾತ್ರಿ ಮಗುವಿಗೆ ಜ್ವರ ಏರಿತು, ಉಸಿರು ಮೇಲಕ್ಕೆ ಎಳೆಯಿತು, ತುಟಿ ನೀಲಿಗಟ್ಟಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ.

ಅಲ್ಲಿಯ ವೈದ್ಯರು ನನಗೆ ಒಂದು ಮಾತು ತಿಳಿಸಿ ಹೇಳಿದರು. ಇಂತಹ ಮಕ್ಕಳಲ್ಲಿ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬಾರದೆ ಇರಬಹುದು. ಕೆಮ್ಮಲಿಲ್ಲವೆಂದರೆ ಸರಿಯಾಗಿ ನುಂಗಿತು ಎಂದರ್ಥವಲ್ಲ. ತೆಳುವಾದ ನೀರೇ ಹೆಚ್ಚು ಅಪಾಯಕಾರಿ.

ಪ್ರಿಯ ಓದುಗರೇ, ದಾದಿಯ ಎದೆಯಲ್ಲಿದ್ದುದು ಶುದ್ಧ ಪ್ರೀತಿ. ನನ್ನ ಎದೆಯಲ್ಲಿದ್ದುದು ಭಕ್ತಿ ಎಂದು ನಾನು ಭಾವಿಸಿದ್ದೆ. ಆದರೆ ತಿಳಿವಳಿಕೆಯಿಲ್ಲದ ಪ್ರೀತಿಯೂ ಭಕ್ತಿಯೂ ಒಂದು ಮಗುವನ್ನು ಸಾವಿನ ಬಾಗಿಲಿಗೆ ಒಯ್ದವು. ಶರೀಅತ್ತಿನಲ್ಲಿ ಜೀವರಕ್ಷಣೆಗೆ ಇರುವ ಸ್ಥಾನವನ್ನು ಮದ್ರಸದಲ್ಲಿ ಓದಿದ್ದವನು ನಾನು. ಒಂದು ಚಮಚ ಕೈಗೆ ಬಂದಾಗ ಅದು ನೆನಪಾಗಲಿಲ್ಲ. ಮಗುವಿನ ತಾಯಿಗೆ ಕಾಣದಂತೆ ಬಾಯಿಗೆ ಏನನ್ನಾದರೂ ಕೊಡುವುದು ಅಮಾನತ್ತಿಗೆ ಮಾಡುವ ದ್ರೋಹ. ಜೇನುತುಪ್ಪವಾಗಲಿ, ಖರ್ಜೂರವಾಗಲಿ, ಊದಿಸಿದ ನೀರಾಗಲಿ, ವೈದ್ಯರು ಬೇಡವೆಂದರೆ ಬೇಡ. ಟ್ಯೂಬಿಲ್ಲದ ಶಿಶುಗಳಿಗೂ ಒಂದು ವರ್ಷ ತುಂಬುವ ತನಕ ಜೇನುತುಪ್ಪ ಕೊಡಬಾರದೆಂಬುದು ವೈದ್ಯರ ಸ್ಪಷ್ಟ ಸೂಚನೆ.

ಹಾಗಾದರೆ ಆ ಮಗು ಝಮ್‌ಝಮ್ ನೀರಿನಿಂದ ವಂಚಿತವೇ? ಅಲ್ಲ. ಊಟದ ಬಳಿಕ ಟ್ಯೂಬು ತೊಳೆಯಲು ಒಂದಷ್ಟು ಕುಡಿಯುವ ನೀರು ಹಾಯಿಸಲೇಬೇಕು. ವೈದ್ಯರನ್ನು ಕೇಳಿ ಆ ನೀರಿಗೆ ಒಂದಿಷ್ಟು ಝಮ್‌ಝಮ್ ಬೆರೆಸಿದೆವು. ಅದನ್ನು ಹಾಯಿಸುವ ಕೆಲಸ ಈಗ ದಾದಿಯದೇ. ನೀರಿನ ಬರಕತ್ತು ನಾಲಿಗೆಯ ಮೇಲೆ ನಿಂತಿಲ್ಲವೆಂಬುದು ನಮಗೆ ತಡವಾಗಿ ಅರ್ಥವಾಯಿತು.

ಊಟದ ಕ್ರಮ

ಟ್ಯೂಬಿನ ಊಟವೂ ಊಟವೇ. ಅದಕ್ಕೂ ಬಿಸ್ಮಿಲ್ಲಾಹ್ ಇದೆ, ಶಿಸ್ತಿದೆ, ಶುಚಿತ್ವವಿದೆ. ಎಷ್ಟು ಪ್ರಮಾಣ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಮಗುವನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ಆದರೆ ಎಲ್ಲರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಮೂಗಿನ ಟ್ಯೂಬಾದರೆ ಪ್ರತಿ ಊಟಕ್ಕೂ ಮುನ್ನ ಅದು ಜಾಗದಲ್ಲಿಯೇ ಇದೆಯೇ ಎಂದು ನೋಡಬೇಕು. ಮೂಗಿನ ಹೊಳ್ಳೆಯ ಬಳಿ ಟ್ಯೂಬಿನ ಮೇಲೆ ಮಾಡಿದ ಗುರುತು ಸರಿದಿರಬಾರದು. ಸಿರಿಂಜಿನಿಂದ ಮೆಲ್ಲಗೆ ಎಳೆದಾಗ ಬರುವ ಜಠರದ ದ್ರವವನ್ನು ಪಿಎಚ್ ಕಾಗದದಲ್ಲಿ ಪರೀಕ್ಷಿಸಿದರೆ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿ ಊದಿ ಸದ್ದು ಕೇಳುವ ಹಳೆಯ ಕ್ರಮವೊಂದನ್ನೇ ನಂಬಬಾರದು. ಸಂಶಯವಿದ್ದರೆ ಆ ಹೊತ್ತು ಊಟ ಕೊಡದೆ ಆಸ್ಪತ್ರೆಯವರನ್ನು ಕೇಳಬೇಕು. ಒಂದು ಹೊತ್ತಿನ ಹಸಿವಿಗಿಂತ ಶ್ವಾಸಕೋಶಕ್ಕೆ ಇಳಿದ ಗಂಜಿ ಭಯಂಕರ.

ಮಗುವನ್ನು ಅಂಗಾತ ಮಲಗಿಸಿ ಊಟ ಕೊಡಬಾರದು. ತಲೆ ಮತ್ತು ಎದೆ ಎತ್ತರದಲ್ಲಿರುವಂತೆ ತೊಡೆಯ ಮೇಲೋ ದಿಂಬಿಗೋ ಒರಗಿಸಿ ಕೂರಿಸಬೇಕು. ಊಟ ಮುಗಿದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಇರಿಸಬೇಕು. ಸಿರಿಂಜಿನ ದಂಡವನ್ನು ತೆಗೆದು, ಆಹಾರ ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುವಂತೆ ಬಿಡಬೇಕು. ಒತ್ತಿ ತಳ್ಳಬಾರದು. ನಾವು ಇಪ್ಪತ್ತು ನಿಮಿಷ ಕುಳಿತು ಉಣ್ಣುತ್ತೇವೆ, ಮಗುವಿನ ಹೊಟ್ಟೆಗೂ ಅಷ್ಟೇ ಹೊತ್ತು ಬೇಕು. ನಡುವೆ ಮಗು ಕೆಮ್ಮಿದರೆ, ವಾಂತಿ ಮಾಡಿದರೆ, ಉಸಿರಿಗೆ ಕಷ್ಟಪಟ್ಟರೆ, ಬಣ್ಣ ಬದಲಾದರೆ ತಕ್ಷಣ ನಿಲ್ಲಿಸಬೇಕು.

ಮನೆಯ ಗಂಜಿ, ಬೇಳೆಕಟ್ಟು ಮುಂತಾದವನ್ನು ಕೊಡಲು ವೈದ್ಯರು ಒಪ್ಪಿದ್ದರೆ ಅವನ್ನು ನುಣ್ಣಗೆ ಅರೆದು ಸೋಸಿರಬೇಕು. ಹೊತ್ತು ಮೀರಿದ್ದನ್ನು ಕೊಡಬಾರದು. ಗಂಜಿಯನ್ನು ಬರೀ ನೀರಾಗಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಆದ್ದರಿಂದ ಎಣ್ಣೆ, ಬೇಳೆ, ಹಾಲು ಎಷ್ಟಿರಬೇಕೆಂದು ಆಸ್ಪತ್ರೆಯ ಆಹಾರ ತಜ್ಞರನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಮಾತ್ರೆಗಳನ್ನು ಪುಡಿ ಮಾಡಿ ಊಟದಲ್ಲಿ ಬೆರೆಸದೆ, ಒಂದೊಂದಾಗಿ ನೀರಿನಲ್ಲಿ ಕದಡಿ ಕೊಡಬೇಕು. ಆದರೆ ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು, ಅದನ್ನೂ ಕೇಳಿ ತಿಳಿಯಬೇಕು.

ಬಾಯಿಂದ ಉಣ್ಣದ ಮಗುವಿನ ಬಾಯಿಯನ್ನೂ ಶುಚಿಯಾಗಿಡಬೇಕು. ಮೃದುವಾದ ಬ್ರಷ್ಷಿನಿಂದಲೋ ಒದ್ದೆ ಬಟ್ಟೆಯಿಂದಲೋ ದಿನವೂ ಹಲ್ಲು, ವಸಡು ಒರೆಸಬೇಕು. ಬಾಯಿಯ ಕೊಳೆ ಎಂಜಲಿನೊಡನೆ ಎದೆಗಿಳಿದರೂ ನ್ಯುಮೋನಿಯಾ ಬರುತ್ತದೆ. ಬಾಯಿಯ ಶುಚಿತ್ವಕ್ಕೆ ಪ್ರವಾದಿವರ್ಯರು(ಸ) ಎಷ್ಟು ಮಹತ್ವ ಕೊಟ್ಟಿದ್ದರೆಂಬುದನ್ನು ಮಿಸ್ವಾಕ್ ಬಳಸುವ ನಮಗೆ ಬೇರೆ ಹೇಳಬೇಕಾಗಿಲ್ಲ.

ಹೊಟ್ಟೆಯ ಟ್ಯೂಬಾದರೆ ಸುತ್ತಲಿನ ಚರ್ಮವನ್ನು ದಿನವೂ ತೊಳೆದು ಒಣಗಿಸಬೇಕು. ಕೆಂಪಾಗುವುದು, ಕೀವು, ದುರ್ವಾಸನೆ ಕಂಡರೆ ತೋರಿಸಬೇಕು. ಟ್ಯೂಬು ಕಳಚಿ ಬಿದ್ದರೆ ನಾಳೆ ನೋಡೋಣ ಎನ್ನಬಾರದು. ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಹೊಸದಾಗಿ ಹಾಕಿದ್ದಾದರೆ ಮನೆಯಲ್ಲಿ ಮರಳಿ ತೂರಿಸಲೇಬಾರದು. ಕಳಚಿದ ಟ್ಯೂಬನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಾಯಿಯ ನಮಾಝ್

ಟ್ಯೂಬಿನ ಮಗುವಿರುವ ತಾಯಂದಿರು ಕೇಳುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವುದು ಉಚಿತ. ಜಠರದ ದ್ರವವೋ ವಾಂತಿಯೋ ಕೈಗೆ ತಾಗಿದರೆ ವುಝೂ ಮುರಿಯುವುದಿಲ್ಲ, ತಾಗಿದ ಜಾಗವನ್ನು ತೊಳೆದರೆ ಸಾಕು. ಬಟ್ಟೆಯ ಮೇಲೆ ಆಗಾಗ ವಾಂತಿಯಾಗುವುದರಿಂದ ನಮಾಝಿಗೆಂದೇ ಒಂದು ಶುದ್ಧವಾದ ಜೊತೆ ಬಟ್ಟೆಯನ್ನು ಬೇರೆ ಇಟ್ಟುಕೊಳ್ಳಲಿ. ಊಟದ ನಡುವೆ ಅಝಾನ್ ಆದರೆ ಗಾಬರಿಯಾಗಬೇಕಾಗಿಲ್ಲ. ನಮಾಝಿಗೆ ಆರಂಭದ ಹೊತ್ತೂ ಇದೆ, ಕೊನೆಯ ಹೊತ್ತೂ ಇದೆ. ಮಗುವಿನ ಊಟ ಮುಗಿಸಿ ಆ ಅವಧಿಯೊಳಗೆ ನಿರ್ವಹಿಸಬಹುದು. ನಮಾಝಿನಲ್ಲಿ ನಿಂತಿರುವಾಗ ಮಗುವಿಗೆ ಉಸಿರು ಕಟ್ಟುವ ಸೂಚನೆ ಕಂಡರೆ ನಮಾಝನ್ನು ಅಲ್ಲಿಯೇ ಮುರಿದು ಮಗುವನ್ನು ಎತ್ತಿಕೊಳ್ಳಬೇಕು. ಇದು ರಿಯಾಯಿತಿ ಮಾತ್ರವಲ್ಲ, ಕರ್ತವ್ಯ. ನಮಾಝನ್ನು ಬಳಿಕ ಮತ್ತೆ ನಿರ್ವಹಿಸಬಹುದು. ಹೋದ ಉಸಿರು ಮತ್ತೆ ಬಾರದು.

ಪ್ರವಾದಿವರ್ಯರು(ಸ) ಮಗುವಿನ ಅಳು ಕೇಳಿದರೆ ಅದರ ತಾಯಿಯ ಸಂಕಟವನ್ನು ನೆನೆದು ಜಮಾಅತ್ತಿನ ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು. ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರು. ಸುಜೂದಿಗೆ ಹೋಗುವಾಗ ಕೆಳಗಿರಿಸುತ್ತಿದ್ದರು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಗುವಿನ ಭಾರ ಆರಾಧನೆಗೆ ಅಡ್ಡಿ ಎಂದು ಅವರು ಭಾವಿಸಲಿಲ್ಲ.

ಇನ್ನೊಂದು ಬೋಧನೆ ಇದೆ. ಅಲ್ಲಾಹನ ಸಂಪ್ರೀತಿಗಾಗಿ ಮಾಡುವ ಯಾವ ಖರ್ಚಿಗೂ ಪ್ರತಿಫಲವಿದೆ, ಪತ್ನಿಯ ಬಾಯಿಗಿಡುವ ತುತ್ತಿಗೂ ಇದೆ ಎಂದು ಪ್ರವಾದಿವರ್ಯರು(ಸ) ತಮ್ಮ ಅನುಚರ ಸಅದ್(ರ)ರಿಗೆ ತಿಳಿಸಿದ್ದರು. ಬಾಯಿಗಿಟ್ಟ ತುತ್ತಿಗೆ ಉಂಡವರ ಮುಖದಲ್ಲಿ ತೃಪ್ತಿ ಕಾಣುತ್ತದೆ, ಉಣಿಸಿದವರಿಗೆ ಅದೇ ಒಂದು ಸಂಭಾವನೆ. ಆದರೆ ರುಚಿಯನ್ನೇ ಅರಿಯದ, ಸಾಕು ಬೇಕು ಎನ್ನಲಾರದ ಮಗುವಿಗೆ ದಿನಕ್ಕೆ ಐದಾರು ಬಾರಿ, ವರ್ಷಗಟ್ಟಲೆ ಉಣಿಸುವ ತಾಯಿಗೆ? ಬಾಯಿಗೆ ಬಾರದ ಆ ತುತ್ತನ್ನು ಅಲ್ಲಾಹನು ಎಣಿಸದೆ ಬಿಟ್ಟಾನೆಯೇ?

ಮನೆಯವರ ಹೊಣೆ

ನಮ್ಮಲ್ಲಿ ಹಲವು ಗಂಡಸರು ಆಸ್ಪತ್ರೆಯ ಬಿಲ್ಲು ಕಟ್ಟಿದರೆ ತಮ್ಮ ಹೊಣೆ ತೀರಿತೆಂದು ತಿಳಿಯುತ್ತಾರೆ. ನನ್ನ ಭಾವನವರೂ ಮೊದಲು ಟ್ಯೂಬನ್ನು ಮುಟ್ಟಲು ಅಂಜುತ್ತಿದ್ದರು. ಇಶಾ ನಮಾಝಿನ ಬಳಿಕ ಅಂಗಡಿಯ ಕಟ್ಟೆಯಲ್ಲಿ ಕುಳಿತು ತಡವಾಗಿ ಮನೆಗೆ ಬರುತ್ತಿದ್ದರು. ಮಗುವಿನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ, ಅದನ್ನು ನೋಡುವ ಧೈರ್ಯವಿರಲಿಲ್ಲ. ಆಸ್ಪತ್ರೆಯ ಆ ಹನ್ನೊಂದು ದಿನಗಳಲ್ಲಿ ಒಬ್ಬ ನರ್ಸಮ್ಮ ಅವರ ಕೈಗೆ ಸಿರಿಂಜು ಕೊಟ್ಟು, "ಅಪ್ಪ ಅಲ್ವಾ ನೀವು, ಹಿಡೀರಿ" ಎಂದರು. ಅಂದಿನಿಂದ ರಾತ್ರಿಯ ಕೊನೆಯ ಊಟ ಅವರದು. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆವಾರ್ತೆಯ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಆ ಸುನ್ನತ್ತನ್ನು ಪಾಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ? ಮನೆಯಲ್ಲಿ ಕನಿಷ್ಠ ಇಬ್ಬರಿಗಾದರೂ ಈ ಕೆಲಸ ಬರಬೇಕು. ತಾಯಿಗೂ ಜ್ವರ ಬರುತ್ತದೆ, ತಾಯಿಗೂ ತವರಿನ ನೆನಪಾಗುತ್ತದೆ.

ಮನೆಯ ಇತರ ಮಕ್ಕಳನ್ನು ಮರೆಯಬಾರದು. ತಂಗಿಯ ಹಿರಿಯ ಮಗಳು ಒಂದು ದಿನ, "ಮಾಮೂ, ನನ್ನ ಮೂಗಿಗೂ ಪೈಪ್ ಹಾಕಿಸಿದ್ರೆ ಅಮ್ಮಿ ನನ್ನ ಹತ್ರಾನೂ ಕೂತ್ಕೊಳ್ತಾಳಾ?" ಎಂದು ಕೇಳಿದಳು. ಆರೋಗ್ಯವಂತ ಮಗುವಿಗೂ ಹಕ್ಕುಗಳಿವೆ. ದಿನಕ್ಕೆ ಅರ್ಧ ಗಂಟೆಯಾದರೂ ಆ ಮಗುವಿಗೆಂದೇ ಮೀಸಲಿಡಬೇಕು.

ಬಂಧುಗಳಿಗೂ ನೆರೆಯವರಿಗೂ ಒಂದು ಮಾತು. ರೋಗಿಯ ಭೇಟಿ ಪುಣ್ಯಕಾರ್ಯ, ಆದರೆ ಅದಕ್ಕೆ ಮರ್ಯಾದೆಗಳಿವೆ. ಮಗುವಿನ ಮುಂದೆಯೇ "ಎಷ್ಟು ದಿನ ಇರುತ್ತೆ?" ಎಂದು ಕೇಳಬೇಡಿ. ಇನ್ನಾರೋ ಸತ್ತ ಮಗುವಿನ ಕಥೆ ಹೇಳಬೇಡಿ. ಕೆಮ್ಮು ನೆಗಡಿಯಿದ್ದರೆ ಹೋಗಬೇಡಿ. ಹೋದಾಗ ಹಣ್ಣಿನ ಚೀಲಕ್ಕಿಂತ ಒಂದು ಹೊತ್ತಿನ ನೆರವನ್ನು ಒಯ್ಯಿರಿ. ನೀರು ಸೇದಿಕೊಡಿ, ಬಟ್ಟೆ ಒಗೆದುಕೊಡಿ, ಆ ತಾಯಿ ಒಂದು ಗಂಟೆ ನಿದ್ರಿಸುವ ತನಕ ಮಗುವಿನ ಬಳಿ ಕುಳಿತಿರಿ. ಮದುವೆ, ಅಖೀಕಾ ಮುಂತಾದ ಸಮಾರಂಭಗಳಿಗೆ ಆ ಮಗುವನ್ನೂ ಕರೆಯಿರಿ. ಟ್ಯೂಬು ಅಂಟುರೋಗವಲ್ಲ, ಅಪಶಕುನವೂ ಅಲ್ಲ.

ಸರಕಾರದಿಂದ ದೊರೆಯುವ ನೆರವನ್ನು ಪಡೆಯುವುದೂ ಮಗುವಿನ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಸೆರೆಬ್ರಲ್ ಪಾಲ್ಸಿಯೂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮೊದಲು ಯು.ಡಿ.ಐ.ಡಿ. ಕಾರ್ಡ್ ಮಾಡಿಸಬೇಕು. ಹಲವು ಸೌಲಭ್ಯಗಳಿಗೆ ಅದೇ ಕೀಲಿಕೈ. ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ವಿಮೆಯಲ್ಲಿ ಇಂತಹ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿಯ ತನಕ ನೆರವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದ ತನಕದ ಮಕ್ಕಳ ತಪಾಸಣೆ ನಡೆಯುತ್ತದೆ. ನಮ್ಮ ಜಿಲ್ಲೆಯವರಿಗೆ ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ನುಂಗುವ ತೊಂದರೆಗೆ ತರಬೇತಿ ಕೊಡುವ ವಾಕ್ ತಜ್ಞರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂತಹ ಮಕ್ಕಳಿಗಾಗಿ ದುಡಿಯುತ್ತಿದೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬುವ ದಾರಿ ತೋರಿಸುತ್ತಾರೆ. ಓದು ಬರಹ ಬಲ್ಲ ನಮ್ಮ ಯುವಕರು ಇಂತಹ ಒಂದು ಮನೆಯ ಅರ್ಜಿಗಳನ್ನು ತುಂಬಿಕೊಟ್ಟರೂ ಅದು ದೊಡ್ಡ ಸೇವೆ.

ಊಟ ಆಯ್ತಾ?

ಮಗುವಿಗೆ ಈಗ ಆರು ವರ್ಷ. ಮೂಗಿನ ಟ್ಯೂಬು ಹೋಗಿ ಹೊಟ್ಟೆಯ ಟ್ಯೂಬು ಬಂದಿದೆ. ಮೈ ತುಂಬಿಕೊಂಡಿದೆ, ಕಫದ ಕಾಟ ಕಡಿಮೆಯಾಗಿದೆ. ಅವನು ನಡೆಯುವುದಿಲ್ಲ, ಮಾತಾಡುವುದಿಲ್ಲ. ಮುಂದೆಯೂ ಬಾಯಿಂದ ಉಣ್ಣುವುದು ಸಂಶಯವೆಂದು ವೈದ್ಯರು ಹೇಳಿದ್ದಾರೆ. ಆದರೆ ಅಪ್ಪನ ಬೈಕಿನ ಸದ್ದು ಕೇಳಿದರೆ ನಗುತ್ತಾನೆ. ಮೊದಲು ಅವನ ಊಟ ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯುತ್ತಿತ್ತು. ಈಗ ಮನೆಯವರೆಲ್ಲ ದಸ್ತರ್‌ಖಾನಿನ ಸುತ್ತ ಕುಳಿತಾಗ ಅವನನ್ನೂ ದಿಂಬಿಗೊರಗಿಸಿ ಕೂರಿಸುತ್ತಾರೆ. ಎಲ್ಲರೂ ಬಿಸ್ಮಿಲ್ಲಾಹ್ ಹೇಳಿದೊಡನೆ ಅವನ ಸಿರಿಂಜಿಗೂ ಗಂಜಿ ಬೀಳುತ್ತದೆ.

ನಮ್ಮ ಕಡೆ ಎದುರಾದವರನ್ನೆಲ್ಲ ಊಟ ಆಯ್ತಾ ಎಂದು ಕೇಳುವುದು ವಾಡಿಕೆ. ಟ್ಯೂಬು ಬಂದ ಮೇಲೆ ಜನರು ತಂಗಿಯನ್ನು ಕೇಳುತ್ತಿದ್ದರು, ಅವಳ ಮಗಳನ್ನು ಕೇಳುತ್ತಿದ್ದರು, ಆ ಮಗುವಿನ ಬಗ್ಗೆ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕಳೆದ ಬಾರಿ ನಾನು ಈಸೂರಿಗೆ ಹೋಗಿದ್ದಾಗ ತಂಗಿ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಪಕ್ಕದ ಮನೆಯ ಗೌಡರ ಅಜ್ಜಿ ಹೊಲದಿಂದ ಬರುತ್ತಾ ನಿಂತು, ಮಗುವಿನ ಗಲ್ಲ ಹಿಡಿದು, "ಏನೋ ಮಗಾ, ಊಟ ಆಯ್ತೇನೋ?" ಎಂದರು. ತಂಗಿ ಒಂದು ಕ್ಷಣ ಸುಮ್ಮನಿದ್ದು, "ಆಯ್ತಜ್ಜಿ, ಈಗ ತಾನೇ ಆಯ್ತು" ಎಂದಳು. ಅವಳ ದನಿಯಲ್ಲಿ ಅಂದು ನಾಚಿಕೆಯಿರಲಿಲ್ಲ.

ಸಹೋದರ ಸಹೋದರಿಯರೇ, ನಿಮ್ಮ ಊರಿನಲ್ಲಿಯೂ ಇಂತಹ ಒಂದು ಮನೆ ಇರಬಹುದು. ಇಂದೇ ಹೋಗಿರಿ. ಉಪದೇಶ ಬೇಡ, ಚಮಚವೂ ಬೇಡ. ಆ ಮಗುವಿನ ಬಳಿ ಕುಳಿತು ಊಟ ಆಯ್ತಾ ಎಂದು ಕೇಳಿರಿ. ತಾಯಿಯನ್ನು ಒಂದು ಹೊತ್ತು ಮಲಗಲು ಕಳುಹಿಸಿರಿ.

ದಯಾಮಯನಾದ ಅಲ್ಲಾಹನು ಇಂತಹ ಮಕ್ಕಳ ಹೆತ್ತವರಿಗೆ ಶಕ್ತಿಯನ್ನೂ, ನಮಗೆ ತಿಳಿವಳಿಕೆಯುಳ್ಳ ಪ್ರೀತಿಯನ್ನೂ ಕರುಣಿಸಲಿ. ತಿಳಿದೂ ಮಾಡಿದ ತಪ್ಪುಗಳನ್ನು, ತಿಳಿಯದೆ ಮಾಡಿದ ತಪ್ಪುಗಳನ್ನು ಕ್ಷಮಿಸಲಿ. ಆಮೀನ್.